ಕೆಡಿಸಲು ಒಂದು ಗೇಣು ಬಟ್ಟೆ: ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ, ಇಲಾಖೆಯ ಹಿರಿಯ ಅಧಿಕಾರಿಗಳಿಗೆ, ಪಠ್ಯಕ್ರಮ ಮತ್ತು ಮೌಲ್ಯಮಾಪನದ ಹೊಣೆ ಹೊತ್ತವರಿಗೆ, ಹಾಗೂ ಪ್ರೌಢಶಾಲೆಯಲ್ಲಿ ಓದುತ್ತಿರುವ ಮಕ್ಕಳ ತಂದೆತಾಯಿಗಳಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ಬಾಗಲಕೋಟೆ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹೊಲಿಗೆ ಶಿಕ್ಷಕಿಯಾಗಿದ್ದೇನೆ. ಕಾಗದಪತ್ರಗಳಲ್ಲಿ ನನ್ನನ್ನು ವೃತ್ತಿ ಶಿಕ್ಷಕಿ ಎಂದು ಬರೆಯುತ್ತಾರೆ, ಮಕ್ಕಳು ನಮ್ಮ ಕಡೆಯ ರೂಢಿಯಂತೆ ಅಕ್ಕೋರು ಎನ್ನುತ್ತಾರೆ. ಮಕ್ಕಳು ಕೈಯಾರೆ ಮಾದರಿ ಮಾಡಿ ಕಲಿಯಲೆಂದು ಕೇಂದ್ರ ಸರ್ಕಾರ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್ ನಮ್ಮ ಶಾಲೆಗೆ ಬಂದ ಮೇಲೆ ವಿಜ್ಞಾನ ಶಿಕ್ಷಕರ ಜೊತೆಗೆ ಅದರ ಉಸ್ತುವಾರಿಯೂ ನನ್ನ ಪಾಲಿಗೆ ಬಂತು. ಅಂದಿನಿಂದ ಸೂಜಿ-ದಾರವೂ ಸೆಲ್ಲು-ವೈರೂ ನನ್ನ ಒಂದೇ ಮೇಜಿನ ಮೇಲಿವೆ. ಈ ಪತ್ರವನ್ನು ನಾನು ಒಂದೇ ಮಾತಿಗಾಗಿ ಬರೆಯುತ್ತಿದ್ದೇನೆ. ಶಾಲೆ ಮುಚ್ಚಬೇಕಾಗಿ ಬಂದಾಗ ಕೈಕೆಲಸದ ಪಾಠವನ್ನು ಮೊಬೈಲ್ ಪರದೆಯ ಮೇಲೆ ಕಳಿಸಿ ಕೈತೊಳೆದುಕೊಳ್ಳಬೇಡಿ, ಸಾಮಗ್ರಿಯನ್ನೇ ಮಗುವಿನ ಮನೆಗೆ ಕಳಿಸಿ. ಅದಕ್ಕೆ ಬೇಕಾದ ಆದೇಶ, ಹಣ ಮತ್ತು ತರಬೇತಿಯನ್ನು ಶಾಲೆಗಳು ತೆರೆದಿರುವಾಗಲೇ ಸಿದ್ಧ ಮಾಡಿಡಿ.

ಕೊರೊನಾ ಮುಗಿದುಹೋದ ಕಥೆ, ಈಗೇಕೆ ಆ ಮಾತು ಎಂದು ಕೆಲವರು ಕೇಳಬಹುದು. ನಮ್ಮ ಜಿಲ್ಲೆಗೆ ಶಾಲೆ ಮುಚ್ಚುವ ಪಾಠವನ್ನು ಮೊದಲು ಕಲಿಸಿದ್ದು ಕೊರೊನಾ ಅಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭಾ, ಘಟಪ್ರಭಾ, ಕೃಷ್ಣಾ ಮೂರೂ ತುಂಬಿ ಹರಿದಾಗ ನದಿ ದಂಡೆಯ ಊರುಗಳ ಶಾಲೆಗಳಲ್ಲಿ ಕೆಲವು ನೀರಿನಲ್ಲಿ ನಿಂತವು, ಕೆಲವು ಸಂತ್ರಸ್ತರ ಆಸರೆಯ ಕೇಂದ್ರಗಳಾದವು. ಉಡುಪಿ, ದಕ್ಷಿಣ ಕನ್ನಡ, ಕೊಡಗು ಜಿಲ್ಲೆಗಳಲ್ಲಿ ಮಳೆಗಾಲ ಬಂದರೆ ಜಿಲ್ಲಾಧಿಕಾರಿಗಳ ರಜೆ ಘೋಷಣೆ ವರ್ಷವರ್ಷದ ಸಂಗತಿಯಾಗಿದೆ. 2024ರ ನವೆಂಬರ್‌ನಲ್ಲಿ ದೆಹಲಿಯ ಶಾಲೆಗಳು ಗಾಳಿ ಕೆಟ್ಟಿದ್ದಕ್ಕಾಗಿ ಆನ್‌ಲೈನ್ ತರಗತಿಗೆ ಹೋಗಬೇಕಾಯಿತು. ನೀರಿಗೋ ಗಾಳಿಗೋ ರೋಗಕ್ಕೋ ಶಾಲೆ ಇನ್ನೊಮ್ಮೆ ಮುಚ್ಚುವುದು ಖಚಿತ. ಆಗ ಭಾಷೆ, ಗಣಿತ, ವಿಜ್ಞಾನಗಳಿಗೆ ಏನು ಮಾಡಬೇಕೆಂದು 2020ರ ಅನುಭವದಿಂದ ನಮಗೆ ಒಂದಿಷ್ಟಾದರೂ ಗೊತ್ತಿದೆ. ಹೊಲಿಗೆ, ಮರಗೆಲಸ, ವಿದ್ಯುತ್ ಕೆಲಸ, ಎಂಜಿನಿಯರಿಂಗ್ ಡ್ರಾಯಿಂಗ್, ಲ್ಯಾಬಿನ ಮಾದರಿ ತಯಾರಿ ಮುಂತಾದವುಗಳಿಗೆ ಏನು ಮಾಡಬೇಕೆಂಬ ಒಂದು ಪುಟದ ಸೂಚನೆಯೂ ನನ್ನ ಕೈಯಲ್ಲಿ ಇವತ್ತಿನವರೆಗೆ ಇಲ್ಲ.

2020ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ ಮೇಲೆ ಏನಾಯಿತೆಂಬುದನ್ನು ಚಿಕ್ಕದಾಗಿ ನೆನಪಿಸುತ್ತೇನೆ. ಚಂದನ ವಾಹಿನಿಯಲ್ಲಿ ಪಾಠಗಳು ಬಂದವು. ಆಗಸ್ಟ್‌ನಲ್ಲಿ ವಿದ್ಯಾಗಮ ಆರಂಭವಾಗಿ ನಾವು ಶಿಕ್ಷಕರು ಗುಡಿಯ ಕಟ್ಟೆ, ಸಮುದಾಯ ಭವನ, ಬೇವಿನ ಮರದ ನೆರಳು ಎಂದು ಊರೂರು ತಿರುಗಿ ಪಾಠ ಮಾಡಿದೆವು. ಇಂಟರ್‌ನೆಟ್ ಇರುವ ಮೊಬೈಲ್ ಉಳ್ಳವರು, ಸಾದಾ ಮೊಬೈಲ್ ಉಳ್ಳವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ಗುಂಪು ಮಾಡಿ ನೋಡಿದ ಆ ಕ್ರಮ ನನ್ನ ಮಟ್ಟಿಗೆ ಬಹಳ ವಿವೇಕದ್ದು, ಏಕೆಂದರೆ ಎಲ್ಲರ ಮನೆಯಲ್ಲೂ ಪರದೆ ಇದೆ ಎಂಬ ಸುಳ್ಳನ್ನು ಅದು ನಂಬಲಿಲ್ಲ. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು, 2021ರ ಜನವರಿಯಲ್ಲಿ ಮತ್ತೆ ಶುರುವಾಯಿತು, ದೊಡ್ಡ ತರಗತಿಗಳೂ ಕೆಲಕಾಲ ತೆರೆದವು, ಏಪ್ರಿಲ್ ಹೊತ್ತಿಗೆ ಎಲ್ಲ ಮತ್ತೆ ಬಂದ್ ಆಯಿತು. 9 ಮತ್ತು 10ನೇ ತರಗತಿಗಳು ಮರಳಿ ತೆರೆದದ್ದು 2021ರ ಆಗಸ್ಟ್ 23ರಂದು. ಈ ಹದಿನೇಳು ತಿಂಗಳಲ್ಲಿ ನಮ್ಮ ಶಾಲೆಯ ವೇಳಾಪಟ್ಟಿಯಲ್ಲಿ ನನ್ನ ವಿಷಯದ ಹೆಸರು ಒಂದು ದಿನವೂ ಇರಲಿಲ್ಲ. ಒಂದು ಆನ್‌ಲೈನ್ ಸಭೆಯಲ್ಲಿ ನಾನು ಕೇಳಿದಾಗ ಹಿರಿಯರೊಬ್ಬರು, ನಿಮ್ಮದು ಪ್ರ್ಯಾಕ್ಟಿಕಲ್ ವಿಷಯ, ಶಾಲೆ ತೆರೆದ ಮೇಲೆ ನೋಡೋಣ ಎಂದರು. ಅವರ ಮಾತಿನಲ್ಲಿ ತಿರಸ್ಕಾರವಿರಲಿಲ್ಲ; ಅದು ಆಗದ ಕೆಲಸವೆಂದು ಅವರು ಪ್ರಾಮಾಣಿಕವಾಗಿ ನಂಬಿದ್ದರು. ನನ್ನ ತಕರಾರು ಆ ನಂಬಿಕೆಯ ಬಗ್ಗೆ.

ವೇಳಾಪಟ್ಟಿಯಲ್ಲಿ ಜಾಗ ಸಿಗದಿದ್ದರೂ ಮಕ್ಕಳ ವಾಟ್ಸಾಪ್ ಗುಂಪೊಂದನ್ನು ಮಾಡಿಕೊಂಡು ನಾನು ಮೊದಲು ಮಾಡಿದ್ದು ಎಲ್ಲರೂ ಮಾಡಿದ ತಪ್ಪನ್ನೇ. ಮಗನ ಕೈಗೆ ಮೊಬೈಲ್ ಕೊಟ್ಟು, ಮನೆಯ ಮಂಚದ ಮೇಲೆ ಬಟ್ಟೆ ಹರಡಿ, ಕ್ರಾಸ್ ಪಟ್ಟಿ ಕತ್ತರಿಸುವುದನ್ನು ವಿಡಿಯೋ ಮಾಡಿ ಕಳಿಸಿದೆ. ಹೊಲಿಗೆ ಬಲ್ಲವರಿಗೆ ಇದು ಗೊತ್ತಿರುತ್ತದೆ: ನೇಯ್ದ ಬಟ್ಟೆಯನ್ನು ಹಾಸಿನ, ಅಂದರೆ ಉದ್ದದ, ಎಳೆಯ ಗುಂಟ ಜಗ್ಗಿದರೆ ಅದು ಬಿಗಿಯಾಗಿ ನಿಲ್ಲುತ್ತದೆ, ಹೊಕ್ಕಿನ, ಅಂದರೆ ಅಡ್ಡ ಎಳೆಯ, ಗುಂಟ ಜಗ್ಗಿದರೆ ಸ್ವಲ್ಪ ಬಿಡುತ್ತದೆ, ಎರಡರ ನಡುವೆ 45 ಡಿಗ್ರಿ ಓರೆಯಲ್ಲಿ ಜಗ್ಗಿದರೆ ರಬ್ಬರಿನಂತೆ ಹಿಗ್ಗುತ್ತದೆ. ಕುಪ್ಪಸದ ಕೊರಳಿನ ದುಂಡಗಿನ ಅಂಚಿಗೆ ಪಟ್ಟಿ ಹಚ್ಚುವಾಗ ಓರೆಯಾಗಿ ಕತ್ತರಿಸಿದ ಪಟ್ಟಿಯೇ ಏಕೆ ಬೇಕೆಂದರೆ ಇದಕ್ಕೇ; ನೇರ ಪಟ್ಟಿ ದುಂಡಿಗೆ ತಿರುಗುವುದಿಲ್ಲ, ನೆರಿಗೆ ಬಿದ್ದು ಎದ್ದು ನಿಲ್ಲುತ್ತದೆ. ತರಗತಿಯಲ್ಲಾದರೆ ಈ ಮಾತನ್ನು ನಾನು ಹೇಳುವುದೇ ಇಲ್ಲ. ಚೂರು ಬಟ್ಟೆಯನ್ನು ಕೈಗೆ ಕೊಟ್ಟು ಮೂರು ಕಡೆ ಜಗ್ಗಿ ನೋಡು ಎನ್ನುತ್ತೇನೆ, ಮೂರನೆಯ ಸಲ ಜಗ್ಗಿದಾಗ ಮಗುವಿನ ಹುಬ್ಬು ಮೇಲೇರುತ್ತದೆ, ಅಲ್ಲಿಗೆ ಪಾಠ ಮುಗಿಯಿತು. ನನ್ನ ವಿಡಿಯೋವನ್ನು ನೋಡಿದವರೆಲ್ಲ ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದರು. ಶಾಲೆ ತೆರೆದ ಮೇಲೆ ಅದೇ ಮಕ್ಕಳ ಕೈಗೆ ಬಟ್ಟೆ ಕೊಟ್ಟರೆ ಒಬ್ಬರೂ ಓರೆ ಹಿಡಿಯಲಿಲ್ಲ. ನೋಡಿದ್ದು ಕಣ್ಣಿನಲ್ಲಿ ಇತ್ತು, ಕೈಗೆ ಇಳಿದಿರಲಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಅನುಭವವೂ ಆ ದಿನಗಳಲ್ಲೇ ಆಯಿತು. ವಿದ್ಯಾಗಮಕ್ಕೆ ಹೋಗುವಾಗ ಲ್ಯಾಬಿನಿಂದ ಹತ್ತು ಪುಟ್ಟ ಎಲ್‌ಇಡಿ ದೀಪಗಳನ್ನೂ ಕರೆಂಟಿಗೆ ತಡೆ ಒಡ್ಡುವ ಕೆಲವು ರೆಸಿಸ್ಟರುಗಳನ್ನೂ ನನ್ನ ಸ್ವಂತ ದುಡ್ಡಿನಿಂದ ಕೊಂಡ 9 ವೋಲ್ಟಿನ ಬ್ಯಾಟರಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಒಂದೊಂದು ಜೊತೆಯನ್ನು ಮಕ್ಕಳಿಗೆ ಹಂಚಿ, ರೆಸಿಸ್ಟರನ್ನು ನಡುವೆ ಜೋಡಿಸಿಯೇ ದೀಪ ಹಚ್ಚಬೇಕೆಂದು ಹೇಳಿ ಬಂದೆ. ಆ ರಾತ್ರಿ ಒಂಬತ್ತು ಗಂಟೆಗೆ 9ನೇ ತರಗತಿಯ ಹುಡುಗಿಯೊಬ್ಬಳ ಧ್ವನಿ ಸಂದೇಶ ಬಂತು: “ಅಕ್ಕೋರ್ರೀ, ರೆಸಿಸ್ಟರ್ ಬಿಟ್ಟು ಹಚ್ಚಿ ನೋಡಿದ್ನಿರಿ. ಒಮ್ಮೆ ಜೋರ್ ಹತ್ತಿ ಆರಿಹೋತ್ರೀ. ಸುಟ್ಟ ವಾಸ್ನಿ ಬಂತು.” ಹಿಂದಿನಿಂದ ಅವಳ ಅಜ್ಜಿ ಬೈಯುತ್ತಿರುವುದೂ ಕೇಳುತ್ತಿತ್ತು. ನಾನು ಮರುದಿನ ಅವಳಿಗೆ ಲೆಕ್ಕ ಹೇಳಿದೆ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಳ್ಳುತ್ತದೆ, ಉಳಿದ 7 ವೋಲ್ಟನ್ನು ಯಾರಾದರೂ ಹೊರಬೇಕು, 470 ಓಮಿನ ರೆಸಿಸ್ಟರ್ ಅದನ್ನು ಹೊತ್ತರೆ ದೀಪದ ಮೂಲಕ ಸುಮಾರು 15 ಮಿಲಿ ಆಂಪಿಯರ್ ಮಾತ್ರ ಹರಿಯುತ್ತದೆ, ದೀಪ ಬಾಳುತ್ತದೆ. ಈ ಭಾಗಾಕಾರವನ್ನು ಆ ಹುಡುಗಿ ಇನ್ನು ಮರೆಯುವುದಿಲ್ಲ. ಇದೇ ಪಾಠವನ್ನು ಕಂಪ್ಯೂಟರಿನಲ್ಲಿ ಟಿಂಕರ್‌ಕ್ಯಾಡ್‌ನಂತಹ ತಾಣದಲ್ಲಿಯೂ ಮಾಡಬಹುದು. ಅಲ್ಲಿಯೂ ಹೆಚ್ಚು ಕರೆಂಟ್ ಹರಿದರೆ ದೀಪದ ಮೇಲೆ ಒಡೆದ ಗುರುತು ಮೂಡುತ್ತದೆ. ಅದು ಒಳ್ಳೆಯ ಸಾಧನವೇ, ನಾನು ಬಳಸುತ್ತೇನೆ. ಆದರೆ ಅಲ್ಲಿ ವಾಸನೆ ಬರುವುದಿಲ್ಲ, ಕಳೆದುಕೊಂಡೆನೆಂಬ ಸಂಕಟವಿಲ್ಲ, ಒಂದು ಗುಂಡಿ ಒತ್ತಿದರೆ ಹೊಸ ದೀಪ ಬರುತ್ತದೆ. ಅದಕ್ಕೂ ಮಿಗಿಲಾಗಿ ಆ ಹುಡುಗಿಯ ಮನೆಯಲ್ಲಿ ಕಂಪ್ಯೂಟರೂ ಇಲ್ಲ, ಇದ್ದ ಒಂದು ಮೊಬೈಲನ್ನು ಅಪ್ಪ ಕೆಲಸಕ್ಕೆ ಒಯ್ಯುತ್ತಿದ್ದರು. ಅವಳಿಗೆ ಸಿಕ್ಕದ್ದು ರಾತ್ರಿಯ ಒಂದು ತಾಸು. ಅಷ್ಟರಲ್ಲಿ ಅವಳು ಇಷ್ಟು ಕಲಿತಳೆಂದರೆ ಕಾರಣ ನನ್ನ ಮಾತಲ್ಲ, ಅವಳ ಅಂಗೈಯಲ್ಲಿದ್ದ ಆ ಪುಟ್ಟ ದೀಪ.

ಇಲ್ಲಿಂದ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ದೂರಶಿಕ್ಷಣದ ಮಾತು ಬಂದಾಗ ಕೆಲವು ವಿದ್ವಾಂಸರು, ಹಳ್ಳಿಯ ಮನೆಯೇ ಒಂದು ಕಾರ್ಯಾಗಾರ, ಅಲ್ಲಿರುವ ಉಪಕರಣಗಳಿಂದಲೇ ಮಗು ಕಲಿಯಲಿ ಎನ್ನುತ್ತಾರೆ. ಇದರಲ್ಲಿ ಅರ್ಧ ಸತ್ಯವಿದೆ. ನನ್ನ ಮಕ್ಕಳಲ್ಲಿ ಹಲವರು ಇಳಕಲ್, ಗುಳೇದಗುಡ್ಡದ ಕಡೆಯ ನೇಕಾರರ ಸಂಬಂಧಿಗಳು ಅಥವಾ ನೇಕಾರರ ಮಕ್ಕಳೇ. ಲಾಕ್‌ಡೌನ್ ಕಾಲದಲ್ಲಿ ನೂಲು ಬರದೆ, ನೇಯ್ದ ಸೀರೆ ಹೋಗದೆ ಮಗ್ಗಗಳು ನಿಂತಿದ್ದವು. ಆ ನಿಂತ ಮಗ್ಗದ ಮುಂದೆ ಕೂತ ಮಗುವಿಗೆ ನಾವು ತಂತ್ರಜ್ಞಾನದ ತರಗತಿ ಸದ್ಯಕ್ಕೆ ಇಲ್ಲ ಎಂದು ಹೇಳುತ್ತಿದ್ದೆವು. ನಾನೊಂದು ಕೆಲಸ ಕೊಟ್ಟೆ: ನಿಮ್ಮ ಮನೆಯ ಯಾವುದಾದರೂ ಒಂದು ಉಪಕರಣದ ಚಿತ್ರವನ್ನು ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ಮೂರು ನೋಟಗಳಲ್ಲಿ ಅಳತೆ ಸಮೇತ ಬರೆಯಿರಿ. ಒಬ್ಬ ಹುಡುಗ ಒನಕೆ ಬರೆದ, ಒಬ್ಬಳು ಇಳಿಗೆಮಣೆ ಬರೆದಳು, ಒಬ್ಬಳು ಕುಣಿಮಗ್ಗವನ್ನು ಎಂಟು ಹಾಳೆಗಳಲ್ಲಿ ಬರೆದು ಕಳಿಸಿದಳು: ಲಾಳಿ, ಹಣಿಗೆ, ಕಾಲಿನಿಂದ ತುಳಿಯುವ ಹಲಗೆ, ಒಂದು ತುಳಿದಾಗ ಯಾವ ಎಳೆಗಳು ಏಳುತ್ತವೆ, ಇನ್ನೊಂದು ತುಳಿದಾಗ ಯಾವುವು ಇಳಿಯುತ್ತವೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಟೋಪ್ ತೆನಿ ಎಂಬ ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕೊಂಡಿ ಹಾಕಿ ಕೂಡಿಸುತ್ತಾರೆ. ಆ ಕೊಂಡಿಯನ್ನು ಅವಳು ದೊಡ್ಡದು ಮಾಡಿ ಪ್ರತ್ಯೇಕ ಹಾಳೆಯಲ್ಲಿ ಬರೆದಿದ್ದಳು, ಪಕ್ಕದಲ್ಲಿ “ಇದು ಅವ್ವನ ಕೆಲಸ” ಎಂದು ಬರೆದಿದ್ದಳು. ವಿನ್ಯಾಸವೆಂದರೆ ಏನೆಂದು ಅಷ್ಟು ವರ್ಷ ಕಲಿಸಿದ್ದ ನನಗೆ ಅದನ್ನು ನೋಡಿ ಕಣ್ಣು ತುಂಬಿ ಬಂತು.

ಅದೇ ಹುಡುಗಿಗೆ ನಾನು ಮುಂದಿನ ವಾರ, ಒಂದು ಗೇಣು ಅಗಲದ ಪಟ್ಟಿಯನ್ನು ನೀನೇ ನೇಯ್ದು ನೋಡು ಎಂದೆ. ಅವಳು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಕೊನೆಗೆ, ಅಪ್ಪ ಬ್ಯಾಡ ಅಂದಾನ್ರಿ, ನೂಲು ಕೆಡ್ತದ ಅಂತ, ಎಂದು ಬರೆದಳು. ಅವಳ ಅಪ್ಪನ ಮಾತು ಸರಿಯಾಗಿಯೇ ಇತ್ತು. ಮನೆಯಲ್ಲಿ ಉಳಿದದ್ದೇ ಅಷ್ಟು ನೂಲು, ಅದು ಅವರ ಊಟದ ನೂಲು. ಕಲಿಯುವ ಮಗು ಮೊದಲ ಸಲ ಕೆಡಿಸುತ್ತದೆ, ಎರಡನೆಯ ಸಲವೂ ಕೆಡಿಸುತ್ತದೆ. ನನ್ನ ಹೊಲಿಗೆ ಕೋಣೆಯಲ್ಲಿ ಕೆಟ್ಟ ಬಟ್ಟೆ ಹಾಕಲೆಂದೇ ಒಂದು ಬುಟ್ಟಿ ಇದೆ, ವರ್ಷಕ್ಕೆ ಎಷ್ಟೋ ಸಲ ತುಂಬುತ್ತದೆ, ತುಂಬಬೇಕು. ದುಡಿಯುವವನಿಗೆ ಕೆಡಿಸುವ ಅವಕಾಶವಿಲ್ಲ, ಕಲಿಯುವವನಿಗೆ ಇರಲೇಬೇಕು. ಬಡ ಮನೆಯಲ್ಲಿ ಉಪಕರಣ ಇರಬಹುದು, ಬಲ್ಲವರೂ ಇರಬಹುದು, ಕೆಡಿಸಲು ಹೆಚ್ಚುವರಿ ಸಾಮಗ್ರಿ ಮಾತ್ರ ಇರುವುದಿಲ್ಲ. ಅದನ್ನು ಕೊಡಬೇಕಾದದ್ದು ಶಾಲೆ. ಮನೆಯೇ ಕಾರ್ಯಾಗಾರ ಎನ್ನುವವರು ಬಿಟ್ಟುಬಿಡುವ ಇನ್ನರ್ಧ ಸತ್ಯ ಇದು, ಮತ್ತು ಸರ್ಕಾರದ ಕರ್ತವ್ಯ ಇಲ್ಲಿಂದಲೇ ಆರಂಭವಾಗುತ್ತದೆಂದು ನಾನು ತಿಳಿದಿದ್ದೇನೆ.

ಇನ್ನೊಂದು ಅಪಾಯವನ್ನೂ ಇಲ್ಲಿ ಹೇಳದೆ ಹೋದರೆ ತಪ್ಪಾಗುತ್ತದೆ. ಮನೆಗೆಲಸವನ್ನೇ ಕಲಿಕೆ ಎಂದು ಕರೆದುಬಿಟ್ಟರೆ ಬಾಲಕಾರ್ಮಿಕತೆಗೆ ನಾವೇ ಒಂದು ಚಂದದ ಹೆಸರು ಕೊಟ್ಟಂತಾಗುತ್ತದೆ. ಬಾಲಕಾರ್ಮಿಕ ಕಾನೂನಿನ 2016ರ ತಿದ್ದುಪಡಿಯು ಅಪಾಯಕಾರಿಯಲ್ಲದ ಕುಟುಂಬದ ಉದ್ಯೋಗದಲ್ಲಿ ಶಾಲಾ ಸಮಯದ ನಂತರ ಮತ್ತು ರಜೆಯಲ್ಲಿ ಮಗು ನೆರವಾಗಬಹುದೆಂದು ಹೇಳುತ್ತದೆ. ಹದಿನೇಳು ತಿಂಗಳಲ್ಲಿ ಬಹುಪಾಲು ಶಾಲೆಯೇ ಮುಚ್ಚಿದ್ದರೆ ಶಾಲಾ ಸಮಯ ಎಂದರೆ ಯಾವುದು? ನನ್ನ ತರಗತಿಯ ಹುಡುಗರು ಕೆಲವರು ಆ ಅವಧಿಯಲ್ಲಿ ಗ್ಯಾರೇಜಿಗೆ, ಕಲ್ಲಿನ ಪಾಲಿಶ್ ಕೆಲಸಕ್ಕೆ ಹೋದರು, ಎಲ್ಲರೂ ಮರಳಿ ಬರಲಿಲ್ಲ. ಗ್ಯಾರೇಜಿನಲ್ಲಿ ಅವರು ಕೈಕೆಲಸ ಕಲಿತರಲ್ಲವೇ ಎಂದು ಒಬ್ಬರು ನನ್ನನ್ನು ಕೇಳಿದರು. ಹತ್ತು ತಾಸು ಚಕ್ರ ಬಿಚ್ಚುವುದನ್ನಷ್ಟೇ ಮಾಡಿದ ಹುಡುಗ ಚಕ್ರ ಬಿಚ್ಚುವುದನ್ನು ಕಲಿತಿರುತ್ತಾನೆ ನಿಜ. ಏಕೆ ಎಂದು ಕೇಳಲು ಅವನಿಗೆ ಬಿಡುವು ಇರಲಿಲ್ಲ, ತಪ್ಪಿದರೆ ಸಂಬಳದಲ್ಲಿ ಕಡಿತ. ಆದ್ದರಿಂದ ಶಾಲೆಯಿಂದ ಹೋಗುವ ಪ್ರತಿ ಕೆಲಸಕ್ಕೂ ವಾರಕ್ಕೆ ಇಂತಿಷ್ಟೇ ತಾಸು ಎಂಬ ಮಿತಿ ಇರಬೇಕು, ಮಾಡಿದ ವಸ್ತು ಮಾರಾಟಕ್ಕೆ ಹೋಗಬಾರದು, ಮತ್ತು ಆ ಮಗುವಿನ ಜೊತೆ ಶಿಕ್ಷಕರು ವಾರಕ್ಕೊಮ್ಮೆಯಾದರೂ ಮಾತಾಡಿರಬೇಕು.

ಸಾಮಗ್ರಿ ಮನೆಗೆ ಕಳಿಸುವುದು ಆಗದ ಮಾತು ಎನ್ನುವವರಿಗೆ ನಾನು ಅಕ್ಷರ ದಾಸೋಹವನ್ನು ನೆನಪಿಸುತ್ತೇನೆ. ಶಾಲೆ ಮುಚ್ಚಿದ್ದರೂ ಬಿಸಿಯೂಟದ ಅಕ್ಕಿ-ಬೇಳೆ ಮಕ್ಕಳ ಮನೆ ಸೇರಿತು. ದಿನಕ್ಕೆ ಇಷ್ಟು ಗ್ರಾಂ ಎಂದು ತಿಂಗಳ ಲೆಕ್ಕ ಹಾಕಿ ತೂಗಿ, ಸಹಿ ಹಾಕಿಸಿಕೊಂಡು ನಾವೇ ಹಂಚಿದ್ದೇವೆ, ಪಠ್ಯಪುಸ್ತಕಗಳನ್ನೂ ಹಂಚಿದ್ದೇವೆ. ಅಕ್ಕಿ ತೂಗಿ ಕೊಟ್ಟ ಅದೇ ಕೈಗಳು ಅದೇ ಸಾಲಿನಲ್ಲಿ ಒಂದು ರಟ್ಟಿನ ಪೆಟ್ಟಿಗೆಯನ್ನೂ ಕೊಡಬಲ್ಲವು. ಪೆಟ್ಟಿಗೆಯಲ್ಲಿ ಏನಿರಬೇಕೆಂಬುದನ್ನು ನಾನು ಮಾಡಿ ನೋಡಿದ್ದೇನೆ: ಅರ್ಧ ಮೀಟರ್ ಕೋರಾ ಬಟ್ಟೆ, ಸೂಜಿ, ಎರಡು ಬಣ್ಣದ ದಾರ, ಟೇಪು, ಮೊಂಡು ತುದಿಯ ಕತ್ತರಿ, ನಾಲ್ಕು ಗುಂಡಿ, ನಾಲ್ಕಾರು ಗ್ರಾಫ್ ಹಾಳೆ, ಎಲ್‌ಇಡಿ, ರೆಸಿಸ್ಟರು, ಪೆನ್ಸಿಲ್ ಸೆಲ್ಲು, ಒಂದು ಚಿಕ್ಕ ಮೋಟರು, ಒಂದಿಷ್ಟು ವೈರು. ಗೋಡೆಯ 230 ವೋಲ್ಟಿನ ಪ್ಲಗ್ಗಿಗೆ ಸಂಬಂಧಿಸಿದ ಯಾವ ಕೆಲಸವೂ ಮನೆಗೆ ಹೋಗಕೂಡದು, ಇದರಲ್ಲಿ ರಾಜಿ ಇಲ್ಲ. ಉಳಿದದ್ದು ಅಡುಗೆಮನೆಯಿಂದಲೇ ಬರುತ್ತದೆ. ಶಂಕುವಿನ ಛೇದವನ್ನು ಕಲಿಸಲು ನಾನು ಗಜ್ಜರಿ (ಕ್ಯಾರೆಟ್) ಬಳಸುತ್ತೇನೆ: ಅಡ್ಡಕ್ಕೆ ಕತ್ತರಿಸಿದರೆ ವೃತ್ತ, ಓರೆಯಾಗಿ ಕತ್ತರಿಸಿದರೆ ದೀರ್ಘವೃತ್ತ, ಆ ತುಂಡನ್ನು ಹಾಳೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದರೆ ಡ್ರಾಯಿಂಗ್ ಪುಸ್ತಕದ ಆಕೃತಿ ಎದುರಿಗೆ ಬರುತ್ತದೆ, ಆಮೇಲೆ ಆ ಗಜ್ಜರಿ ಪಲ್ಯಕ್ಕೆ ಹೋಗುತ್ತದೆ.

ಪೆಟ್ಟಿಗೆ ಮನೆಗೆ ಹೋಗದಂತೆ ತಡೆಯುವುದು ಹಣದ ಕೊರತೆಗಿಂತ ಹೆಚ್ಚಾಗಿ ದಾಸ್ತಾನು ಪುಸ್ತಕದ ಭಯ. ಇದನ್ನು ಶಾಲೆಯ ಒಳಗಿರುವವರು ಮಾತ್ರ ಬಲ್ಲರು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಅಟಲ್ ಟಿಂಕರಿಂಗ್ ಲ್ಯಾಬಿಗೆ ಒಂದು ಶಾಲೆಗೆ ಐದು ವರ್ಷದ ಅವಧಿಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ, ಅದರಲ್ಲಿ ಅರ್ಧ ಸಲಕರಣೆಗೆ, ಅರ್ಧ ನಿರ್ವಹಣೆಗೆ. ನಮ್ಮ ಲ್ಯಾಬಿನ ಕಪಾಟಿನಲ್ಲಿ ಎಲ್‌ಇಡಿಗಳೇ ನೂರಾರು ಇದ್ದವು. ನಾನು ಹತ್ತು ಒಯ್ದಿದ್ದಕ್ಕೆ ನಮ್ಮ ಮುಖ್ಯೋಪಾಧ್ಯಾಯರು ರಾತ್ರಿ ನಿದ್ದೆ ಮಾಡಲಿಲ್ಲ. ತಪಾಸಣೆಗೆ ಬಂದವರು ಲೆಕ್ಕ ಕೇಳಿದರೆ, ಸುಟ್ಟುಹೋದ ದೀಪವನ್ನು ಯಾವ ಕಾಲಮ್ಮಿನಲ್ಲಿ ತೋರಿಸಬೇಕು, ಸಂಬಳದಲ್ಲಿ ಹಿಡಿದುಕೊಂಡರೆ ಏನು ಗತಿ ಎಂಬುದು ಅವರ ಚಿಂತೆ. ಅವರನ್ನು ನಾನು ದೂರುವುದಿಲ್ಲ, ನಿವೃತ್ತಿಗೆ ಎರಡು ವರ್ಷ ಇದ್ದ ಮನುಷ್ಯ. ಹೀಗೆ ಕೀಲಿ ಹಾಕಿಟ್ಟ ಕೋಣೆಯನ್ನು 2021ರ ಆಗಸ್ಟ್‌ನಲ್ಲಿ ತೆರೆದಾಗ ಬ್ಯಾಟರಿಗಳು ಸತ್ತು ಕೆಲವು ಸೋರಿ ಜಿಗುಟಾಗಿದ್ದವು, ತ್ರೀಡಿ ಪ್ರಿಂಟರಿನ ಪ್ಲಾಸ್ಟಿಕ್ ಎಳೆ ತೇವ ಹೀರಿ ಮುಟ್ಟಿದಲ್ಲಿ ಮುರಿಯುತ್ತಿತ್ತು. ಮಕ್ಕಳಿಗೆ ಕೊಟ್ಟಿದ್ದರೆ ಹಾಳಾಗುತ್ತಿತ್ತೋ ಇಲ್ಲವೋ, ಕೊಡದೆ ಇಟ್ಟದ್ದು ಖಂಡಿತ ಹಾಳಾಯಿತು. ಅದಕ್ಕೆ ಮಾತ್ರ ದಾಸ್ತಾನು ಪುಸ್ತಕದಲ್ಲಿ ಕಾಲಮ್ ಇತ್ತು.

ಸಚಿವರಲ್ಲಿ ನನ್ನ ಮೊದಲ ವಿನಂತಿ ಆದ್ದರಿಂದ ಬಹಳ ಸಣ್ಣದು, ಒಂದು ಪುಟದ ಸುತ್ತೋಲೆ. ಬಳಸಿದರೆ ಮುಗಿಯುವ ಸಾಮಗ್ರಿ ಯಾವುದು, ಉಳಿಯುವ ಸಲಕರಣೆ ಯಾವುದು ಎಂಬ ಪಟ್ಟಿ ಅದರಲ್ಲಿರಲಿ. ಮೊದಲನೆಯದನ್ನು ಶಾಲೆ ಮುಚ್ಚಿದ ಅವಧಿಯಲ್ಲಿ ಮಕ್ಕಳ ಮನೆಗೆ ಕೊಡಬಹುದೆಂದೂ, ಅದು ಕೆಟ್ಟರೆ ಅಥವಾ ಕಳೆದರೆ ಶಿಕ್ಷಕರಿಂದ ವಸೂಲಿ ಇಲ್ಲವೆಂದೂ ಸ್ಪಷ್ಟವಾಗಿ ಬರೆದಿರಲಿ. ಇದಕ್ಕೆ ಬೊಕ್ಕಸದಿಂದ ಒಂದು ರೂಪಾಯಿಯೂ ಬೇಕಿಲ್ಲ. ಲ್ಯಾಬ್ ಇಲ್ಲದ ಶಾಲೆಗಳಿಗೆ ಪೆಟ್ಟಿಗೆಯ ಹಣ ಬೇಕು ನಿಜ. ಅದನ್ನು ಪಠ್ಯಪುಸ್ತಕದ ಜೊತೆಗೇ ಜೂನ್ ತಿಂಗಳಲ್ಲಿ ಕೊಟ್ಟುಬಿಟ್ಟರೆ, ಶಾಲೆ ಮುಚ್ಚಲಿ ಬಿಡಲಿ, ಪೆಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಪ್ರವಾಹ ಬಂದ ಮೇಲೆ ಟೆಂಡರು ಕರೆದರೆ ನೀರು ಇಳಿದ ಮೇಲೆ ಪೆಟ್ಟಿಗೆ ಬರುತ್ತದೆ.

ಮೌಲ್ಯಮಾಪನದ ವಿಷಯ ಇದಕ್ಕಿಂತ ಕಠಿಣವಾದದ್ದು. 2021ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಜುಲೈ 19 ಮತ್ತು 22ರಂದು ಎರಡೇ ದಿನ, ಬಹು ಆಯ್ಕೆಯ ಪ್ರಶ್ನೆಗಳಿಂದ ನಡೆಯಿತು. ಆ ಸಂಕಟದಲ್ಲಿ ಅದು ಸರಿಯಾದ ತೀರ್ಮಾನವೇ ಆಗಿತ್ತು. ಆದರೆ ಕಾಜಾ ಹೊಲಿಯಲು ಬರುತ್ತದೆಯೇ ಎಂಬುದನ್ನು ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿಸಿ ತಿಳಿಯಲಾಗದು. ಹಾಗೆಂದು ಸಿದ್ಧ ವಸ್ತುವಿನ ಫೋಟೋ ನೋಡಿ ಅಂಕ ಕೊಟ್ಟರೂ ಮೋಸ ಹೋಗುತ್ತೇವೆ. ಒಬ್ಬ ಹುಡುಗ ನನಗೆ ಅಂಗಡಿಯಲ್ಲಿ ಇಟ್ಟರೆ ಮಾರಾಟವಾಗುವಂತಹ ಕೈಚೀಲದ ಫೋಟೋ ಕಳಿಸಿದ. ಫೋನ್ ಮಾಡಿ, ಹಿಡಿಕೆಯನ್ನು ಚೀಲದ ಒಳಗೆ ಎಷ್ಟು ಇಂಚು ಇಳಿಸಿ ಹೊಲಿದಿದ್ದೀ, ಏಕೆ ಎಂದು ಕೇಳಿದೆ. ಸುಮ್ಮನಾದ. ಅಣ್ಣ ಟೇಲರ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದನಂತೆ. ಅವನಿಗೆ ನಾನು ಸೊನ್ನೆ ಕೊಡಲಿಲ್ಲ. ಅಣ್ಣನದನ್ನು ಬಿಚ್ಚಿ ನೋಡಿ, ನಿನ್ನದೊಂದು ಮಾಡು ಎಂದೆ. ಮುಂದಿನ ವಾರ ಬಂದ ಚೀಲ ಒಂದು ಕಡೆ ವಾಲಿತ್ತು, ಹೊಲಿಗೆ ಎರಡು ಕಡೆ ಬಿಟ್ಟಿತ್ತು, ಜೊತೆಗೆ ಅಣ್ಣನ ಚೀಲದ ಹಿಡಿಕೆ ಒಳಗೆ ಎರಡು ಇಂಚು ಇಳಿದು, ಅಲ್ಲಿ ಗುಣಿಸು ಚಿಹ್ನೆಯಂತೆ ಹೊಲಿಗೆ ಹಾಕಿದ್ದ ಚಿತ್ರವೂ ಇತ್ತು. ಭಾರ ಎಲ್ಲಿ ಬೀಳುತ್ತದೆಂದು ಅವನಿಗೆ ಗೊತ್ತಾಗಿತ್ತು. ನಾನು ಅಂಕ ಕೊಟ್ಟದ್ದು ಆ ವಾಲಿದ ಚೀಲಕ್ಕೆ.

ಇದರಿಂದ ನನಗೆ ಹೊಳೆದ ಕ್ರಮವನ್ನು ಪರೀಕ್ಷಾ ಮಂಡಳಿಯ ಮುಂದಿಡುತ್ತೇನೆ. ಮಗು ಕೆಲಸ ಶುರು ಮಾಡುವ ಮುನ್ನ ಬರೆದ ಒಂದು ಚಿತ್ರ, ಅರ್ಧದಲ್ಲಿ ತೆಗೆದ ಒಂದು ಫೋಟೋ, ಮುಗಿದ ಮೇಲೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆದ ಒಂದು ಫೋಟೋ, ಎಲ್ಲಿ ಕೆಟ್ಟಿತು ಮತ್ತು ಹೇಗೆ ಸರಿಪಡಿಸಿದೆ ಎಂಬ ನಾಲ್ಕು ಸಾಲು, ಕೊನೆಗೆ ಶಿಕ್ಷಕರ ಜೊತೆ ಸಾದಾ ಫೋನಿನಲ್ಲಿ ಐದು ನಿಮಿಷದ ಮಾತು. ಫೋಟೋ ತೆಗೆಯುವ ಮೊಬೈಲ್ ಇಲ್ಲದ ಮನೆಗೆ ಶಿಕ್ಷಕರು ಹೋದ ದಿನ ನೋಡಿದರಾಯಿತು. ನೇರ ಪ್ರಸಾರದ ಒಂದು ತರಗತಿ ತಿನ್ನುವ ಡೇಟಾದಲ್ಲಿ ಇಂತಹ ಹತ್ತಾರು ಮಕ್ಕಳ ಕೆಲಸ ನೋಡಬಹುದು. ಪೂರ್ತಿಯಾಗದ ಮಾದರಿಗೂ ಅಂಕವಿರಬೇಕು. ಇಂಗ್ಲೆಂಡಿನ ಪರೀಕ್ಷಾ ನಿಯಂತ್ರಣ ಸಂಸ್ಥೆ ಆಫ್‌ಕ್ವಾಲ್ 2021ರ ಸಾಲಿನ ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆ) ಡಿಸೈನ್ ಅಂಡ್ ಟೆಕ್ನಾಲಜಿ ವಿಷಯಕ್ಕೆ, ಮಕ್ಕಳು ಪೂರ್ಣ ವಸ್ತುವಿನ ಬದಲು ಅದರ ಅಣಕು ಮಾದರಿಯನ್ನು ತೋರಿಸಬಹುದೆಂದೂ, ಯಂತ್ರಗಳನ್ನು ಸ್ವತಃ ಬಳಸುವ ಬದಲು ಶಿಕ್ಷಕರು ಬಳಸುವುದನ್ನು ನೋಡಬಹುದೆಂದೂ ಅವಕಾಶ ಕೊಟ್ಟಿತ್ತು. ಆ ವರ್ಷದ ಪರೀಕ್ಷೆಗಳೇ ಕೊನೆಗೆ ರದ್ದಾದವೆಂಬುದು ಬೇರೆ ಮಾತು. ಅದರಲ್ಲಿ ಮೊದಲನೆಯದನ್ನು ನಾವು ತೆಗೆದುಕೊಳ್ಳಬಹುದು, ಎರಡನೆಯದು ನಮಗೆ ಬೇಡ. ನೋಡಿ ಕಲಿತದ್ದರ ಗತಿ ಏನಾಯಿತೆಂಬುದನ್ನು ಕ್ರಾಸ್ ಪಟ್ಟಿಯ ಕಥೆಯಲ್ಲಿ ಹೇಳಿದ್ದೇನೆ.

ಕೈಕೆಲಸ ಶಿಕ್ಷಣದ ಭಾಗವಾಗಬೇಕೆಂಬ ಮಾತು ಹೊಸದಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ ಎಂದರು, 1964-66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು, 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ನೇ ತರಗತಿಯಿಂದಲೇ ವೃತ್ತಿ ಪರಿಚಯ ಮತ್ತು ಚೀಲವಿಲ್ಲದ ಹತ್ತು ದಿನಗಳು ಎಂದಿತು. ರಾಷ್ಟ್ರದ ನೀತಿ ಬೇಕೋ ರಾಜ್ಯದ ನೀತಿ ಬೇಕೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ, ಅದು ನನ್ನ ಅಳತೆಗೆ ಮೀರಿದ್ದು. ಯಾವ ನೀತಿ ಬಂದರೂ ಅದನ್ನು ಕಲಿಸಲು ಶಾಲೆಯಲ್ಲಿ ಒಬ್ಬ ವೃತ್ತಿ ಶಿಕ್ಷಕರು ಇರಬೇಕು. ನನ್ನ ಜೊತೆ ಸೇವೆಗೆ ಸೇರಿದ ಮರಗೆಲಸದ ಮೇಷ್ಟ್ರು ನಿವೃತ್ತರಾದ ಮೇಲೆ ನಮ್ಮ ಶಾಲೆಯ ಆ ಹುದ್ದೆ ತುಂಬಿಲ್ಲ, ಅವರ ಕೀಸುಳಿ, ಉಳಿಗಳು ಪೆಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತಿವೆ. ಇರುವ ನಮ್ಮಂಥವರಿಗೆ ದೂರದಿಂದ ಕೈಕೆಲಸ ಕಲಿಸುವ ತರಬೇತಿ ಒಮ್ಮೆಯೂ ಸಿಕ್ಕಿಲ್ಲ; ಸಿಕ್ಕಿದ್ದು ಸ್ಲೈಡ್ ಮಾಡುವ ತರಬೇತಿ. ನಮಗೆ ಬೇಕಾದದ್ದು ಫೋನಿನಲ್ಲಿ ಎಂಥ ಪ್ರಶ್ನೆ ಕೇಳಿದರೆ ಮಗುವಿನ ಕೈ ಏನು ಮಾಡುತ್ತಿದೆ ಎಂದು ಗೊತ್ತಾಗುತ್ತದೆ, ಒಂದು ವಾಲಿದ ಹೊಲಿಗೆಯ ಫೋಟೋ ನೋಡಿ ಸೂಜಿ ಹಿಡಿದ ತಪ್ಪನ್ನು ಹೇಗೆ ಓದಬೇಕು ಎಂಬಂಥ ತರಬೇತಿ. ಅದನ್ನು ಕಲಿಸಬಲ್ಲವರು ಆ ಹದಿನೇಳು ತಿಂಗಳು ತಮ್ಮ ಪಾಡಿಗೆ ಏನೇನೋ ಮಾಡಿ ನೋಡಿದ ಶಿಕ್ಷಕರು. ಅವರು ಪ್ರತಿ ಜಿಲ್ಲೆಯಲ್ಲೂ ಇದ್ದಾರೆ. ಅವರನ್ನು ಒಂದೆಡೆ ಕೂಡಿಸಿ ಮೂರು ದಿನ ಕೇಳಿದರೆ ಸಾಕು, ಕೈಪಿಡಿ ತಾನಾಗಿ ಸಿದ್ಧವಾಗುತ್ತದೆ. ಅವರಲ್ಲಿ ಕೆಲವರು ಮುಂದಿನ ವರ್ಷ ನಿವೃತ್ತರಾಗುವವರಿದ್ದಾರೆ, ಆದ್ದರಿಂದ ತಡ ಮಾಡದಿರಿ ಎಂದು ಕೈಮುಗಿದು ಕೇಳುತ್ತೇನೆ.

ಈ ವರ್ಷ ನಮ್ಮ ಶಾಲೆಯ 8ನೇ ತರಗತಿಯ ಮಕ್ಕಳಿಗೆ ನಾನು ಮತ್ತು ವಿಜ್ಞಾನ ಶಿಕ್ಷಕರು ಸೇರಿ ಮೂವತ್ತೆರಡು ಪೆಟ್ಟಿಗೆಗಳನ್ನು ಸಿದ್ಧ ಮಾಡಿದ್ದೇವೆ, ಊರಿನ ಬಟ್ಟೆ ಅಂಗಡಿಯವರೊಬ್ಬರು ಕೋರಾ ಬಟ್ಟೆಯನ್ನು ದಾನವಾಗಿ ಕೊಟ್ಟಿದ್ದಾರೆ. ಪ್ರತಿ ಪೆಟ್ಟಿಗೆಯಲ್ಲಿ ಬಟ್ಟೆಯ ಎರಡು ತುಂಡುಗಳಿವೆ. ಚಿಕ್ಕ ತುಂಡಿನ ಮೇಲೆ “ಇದು ಕೆಡಿಸಲಿಕ್ಕೆ” ಎಂದು ಸೀಮೆಸುಣ್ಣದಲ್ಲಿ ಬರೆದಿದ್ದೇನೆ. ತಾವು ಅಥವಾ ತಮ್ಮ ಅಧಿಕಾರಿಗಳು ಈ ಕಡೆ ಪ್ರವಾಸ ಬಂದಾಗ ಹೇಳಿ ಕಳಿಸಿದರೆ ಒಂದು ಪೆಟ್ಟಿಗೆಯನ್ನು ತಂದು ತೋರಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ಹೊಲಿಗೆ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ, ಬಾಗಲಕೋಟೆ ಜಿಲ್ಲೆ